ದೀಕ್ಷೆ ಪಡೆಯದವರು ಗುರುಸ್ತೋತ್ರವನ್ನು ಪಠಿಸುವಾಗ ಯಾರನ್ನು ನೆನೆಯಬೇಕು?

ಪ್ರಶ್ನೆ:
ನಿತ್ಯಪೂಜೆಯಲ್ಲಿ ಗಣಪತಿಯ ಪ್ರಾರ್ಥನೆಯ ನಂತರ ‘ಗುರುರ್ಬ್ರಹ್ಮಾ ಗುರುರ್ವಿಷ್ಣುಃ’ ಶ್ಲೋಕವನ್ನು ಹೇಳುತ್ತೇನೆ. ಆದರೆ ನಾನು ಯಾರಿಂದಲೂ ಮಂತ್ರದೀಕ್ಷೆ ಪಡೆದಿಲ್ಲ. ಹಾಗಾದರೆ ಆಗ ಯಾರನ್ನು ನೆನೆಯಬೇಕು? ಮನುಷ್ಯರೊಬ್ಬರನ್ನು ಸಾಕ್ಷಾತ್ ಪರಬ್ರಹ್ಮವೆಂದು ನಮಸ್ಕರಿಸಲು ಮನಸ್ಸು ಹಿಂಜರಿಯುತ್ತದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ನೀವು ಪರಂಪರೆಯನ್ನೇ ನೆನೆಯಬಹುದು. ‘ಸದಾಶಿವಸಮಾರಂಭಾಂ ಶಂಕರಾಚಾರ್ಯಮಧ್ಯಮಾಂ’ ಎಂಬ ವಂದನೆ ಸದಾಶಿವನಿಂದ ಹೊರಟು ‘ಅಸ್ಮದಾಚಾರ್ಯಪರ್ಯಂತಾಂ’ ಎಂದು ನಮ್ಮ ಆಚಾರ್ಯರವರೆಗೆ ಬಂದು ನಿಲ್ಲುತ್ತದೆ. ಅಂದರೆ ನಮಸ್ಕಾರ ಸಲ್ಲುವುದು ಒಬ್ಬ ವ್ಯಕ್ತಿಗಲ್ಲ, ಆ ವ್ಯಕ್ತಿಯವರೆಗೂ ಹರಿದುಬಂದ ವಿದ್ಯೆಗೆ. ಆಷಾಢ ಹುಣ್ಣಿಮೆಯ ವ್ಯಾಸಪೂಜೆಯಲ್ಲೂ ಇದೇ ಭಾವವಿದೆ. ಅಂದು ಚಾತುರ್ಮಾಸ್ಯವನ್ನು (ಮಳೆಗಾಲದಲ್ಲಿ ಒಂದೇ ಕಡೆ ನೆಲೆಸುವ ವ್ರತವನ್ನು) ಆರಂಭಿಸುವ ಅದ್ವೈತ ಸಂನ್ಯಾಸಿಗಳು ತಮ್ಮ ಗುರುವನ್ನಷ್ಟೇ ಪೂಜಿಸದೆ ಕೃಷ್ಣ, ವ್ಯಾಸ, ಶಂಕರರನ್ನೂ ಅವರವರ ಪರಿವಾರದೊಂದಿಗೆ ಆವಾಹಿಸಿ ಪೂಜಿಸುತ್ತಾರೆ. ಸ್ವತಃ ಗುರುಸ್ಥಾನದಲ್ಲಿರುವ ಪೀಠಾಧಿಪತಿಗಳೂ ಅಂದು ಶಿಷ್ಯರಾಗಿಯೇ ಕುಳಿತುಕೊಳ್ಳುತ್ತಾರೆ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ದೀಕ್ಷೆಯಾಗಿಲ್ಲವೆಂದು ನೀವು ಈ ಪ್ರಾರ್ಥನೆಯನ್ನು ಖಂಡಿತ ಬಿಡಬೇಡಿ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸ್ತೋತ್ರವನ್ನು ಭಕ್ತಿಯಿರುವ ಯಾರಾದರೂ ಹೇಳಬಹುದು. ಬೀಜಾಕ್ಷರಗಳಿರುವ (ಓಂ, ಹ್ರೀಂ ಮುಂತಾದ ಮಂತ್ರಾಕ್ಷರಗಳಿರುವ) ಮಂತ್ರಜಪಕ್ಕೆ ಮಾತ್ರ ಗುರೂಪದೇಶ ಬೇಕೆಂಬುದು ಸಂಪ್ರದಾಯ.

ಉತ್ತರ 3:
ನಿಮ್ಮ ಎರಡನೆಯ ಸಂಶಯದ ಬಗ್ಗೆ ಹೇಳುತ್ತೇನೆ. ದೇವರಲ್ಲಿ ಎಂಥ ಪರಮಭಕ್ತಿಯಿದೆಯೋ ಗುರುವಿನಲ್ಲೂ ಅಂಥದೇ ಭಕ್ತಿಯಿರುವವನಿಗೆ ಉಪದೇಶದ ಅರ್ಥ ಬೆಳಗುತ್ತದೆ ಎಂದು ಶ್ವೇತಾಶ್ವತರ ಉಪನಿಷತ್ತಿನ ಕೊನೆಯ ಮಂತ್ರ ಹೇಳುತ್ತದೆ. ಆದರೆ ಆ ಭಕ್ತಿಗೆ ಪಾತ್ರನಾಗುವ ಗುರು ಎಂಥವನಿರಬೇಕೆಂಬುದನ್ನೂ ಶಾಸ್ತ್ರವೇ ನಿಗದಿಪಡಿಸಿದೆ: ಮುಂಡಕೋಪನಿಷತ್ತಿನ ಪ್ರಕಾರ ಅವನು ಶ್ರೋತ್ರಿಯನೂ (ವೇದವನ್ನು ಬಲ್ಲವನೂ) ಬ್ರಹ್ಮನಿಷ್ಠನೂ (ಬ್ರಹ್ಮದಲ್ಲೇ ನೆಲೆನಿಂತವನೂ) ಆಗಿರಬೇಕು. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ 34ನೆಯ ಶ್ಲೋಕವಂತೂ ನಮಸ್ಕಾರ ಮತ್ತು ಸೇವೆಯ ನಡುವೆ ಪರಿಪ್ರಶ್ನೆಯನ್ನೇ, ಅಂದರೆ ಕೇಳಿ ತಿಳಿಯುವುದನ್ನೇ, ಇಟ್ಟಿದೆ. ಹೀಗಿರುವಾಗ ಪ್ರಶ್ನಿಸುವ ಶಿಷ್ಯನನ್ನು ಭಕ್ತಿಹೀನನೆನ್ನುವುದು ದೊಡ್ಡ ಅನ್ಯಾಯ. ಯೋಗ್ಯ ಗುರು ದೊರೆಯುವವರೆಗೆ ಗುರುರೂಪದ ಶಿವನಾದ ದಕ್ಷಿಣಾಮೂರ್ತಿಯನ್ನೋ ವ್ಯಾಸರನ್ನೋ ಧ್ಯಾನಿಸಿ ಅದೇ ಶ್ಲೋಕವನ್ನು ಹೇಳಿ. ದೊರೆತ ಮೇಲೂ ಶ್ಲೋಕವನ್ನು ಬದಲಿಸಬೇಕಾಗುವುದಿಲ್ಲ.