ಸೋರ್ಸ್ ಜೊತೆಗೇ ಬರುವ ಲೈಬ್ರರಿ: ಇಟ್ಟುಕೊಳ್ಳೋದಾ, ಕಿತ್ತು ಹಾಕೋದಾ?

ಹೊಸ ಪ್ಯಾಕೇಜರ್: ಫೋಟೊ ಮೇಲೆ ಬರಹ ಹಾಕುವ ಒಂದು ಆ್ಯಪ್ ಅನ್ನು ಡೆಬಿಯನ್ ಲಿನಕ್ಸ್‌ಗೆ ಪ್ಯಾಕೇಜ್ ಮಾಡುತ್ತಿದ್ದೇನೆ, ಅಂದರೆ ಅದರ ಬಳಕೆದಾರರು ಸುಲಭವಾಗಿ ಹಾಕಿಕೊಳ್ಳುವಂತೆ ಕಟ್ಟುತ್ತಿದ್ದೇನೆ. ಅದರ ಸೋರ್ಸ್ ಒಳಗೇ ಡೇಟಾ ಕುಗ್ಗಿಸುವ ಝಡ್‌ಲಿಬ್, ವೆಬ್‌ಪಿ ಚಿತ್ರ ಓದುವ ಲಿಬ್‌ವೆಬ್‌ಪಿ, ಅಕ್ಷರ ಜೋಡಿಸುವ ಹಾರ್ಫ್‌ಬಝ್ ಮೂರೂ ಲೈಬ್ರರಿಗಳ ಪ್ರತಿಗಳಿವೆ. ಹಾಗೇ ಬಿಟ್ಟರೆ ಬಿಲ್ಡ್ (ಸೋರ್ಸ್‌ನಿಂದ ಪ್ರೋಗ್ರಾಮ್ ತಯಾರಿಸುವುದು) ಸಲೀಸು. ತೆಗೆದು ಸಿಸ್ಟಮ್‌ನಲ್ಲಿರುವ ಪ್ರತಿ ಬಳಸಿದರೆ ಹಾರ್ಫ್‌ಬಝ್ ಹತ್ತಿರ ಮುರಿಯುತ್ತದೆ, ಅಪ್‌ಸ್ಟ್ರೀಮ್‌ನವರು (ಆ್ಯಪ್ ಬರೆದವರು) ಅದಕ್ಕೆ ತಮ್ಮದೇ ಪ್ಯಾಚ್, ಅಂದರೆ ತಿದ್ದುಪಡಿ, ಹಾಕಿದ್ದಾರೆ. ಬಿಟ್ಟುಬಿಡಲಾ?

ಡೆಬಿಯನ್ ಹಳಬ: ದಯವಿಟ್ಟು ಬಿಡಬೇಡಿ. 2002ರಲ್ಲಿ ಝಡ್‌ಲಿಬ್‌ನಲ್ಲಿ ಒಂದೇ ಮೆಮೊರಿಯನ್ನು ಎರಡು ಸಲ ಫ್ರೀ ಮಾಡುವ ದೋಷ ಸಿಕ್ಕಿತು. ಲೈಬ್ರರಿ ಸರಿ ಮಾಡುವುದು ಸಣ್ಣ ಕೆಲಸ. ಅದರ ಪ್ರತಿ ಯಾವ್ಯಾವ ಪ್ರೋಗ್ರಾಮ್ ಹೊಟ್ಟೆಯಲ್ಲಿದೆ ಅಂತ ಹುಡುಕುವುದೇ ದೊಡ್ಡ ಕೆಲಸ ಆಯಿತು. ಲಿನಕ್ಸ್ ಕರ್ನಲ್ ಒಳಗೂ ಒಂದಿತ್ತು.

ಅಪ್‌ಸ್ಟ್ರೀಮ್ ಡೆವಲಪರ್: ನಮ್ಮ ಕಡೆಯದೂ ಕೇಳಿ. ನಾವು ಟೆಸ್ಟ್ ಮಾಡಿದ್ದು ಒಂದು ಆವೃತ್ತಿ, ನೀವು ಕೂರಿಸುವುದು ಇನ್ನೊಂದು. ಕೆಟ್ಟರೆ ದೂರು ಬರುವುದು ನಮಗೆ. ಆವೃತ್ತಿ ಒಂದೇ ಆದರೂ ಸಾಲದು. ಫೈರ್‌ಫಾಕ್ಸ್ ತನ್ನೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸ್ ಲೈಬ್ರರಿಯನ್ನು 'ಸೆಕ್ಯೂರ್ ಡಿಲೀಟ್' ಆಯ್ಕೆಯೊಂದಿಗೆ ಕಂಪೈಲ್ ಮಾಡುತ್ತಿತ್ತು. ಅಳಿಸಿದ ಹಿಸ್ಟರಿಯ ಜಾಗಕ್ಕೆ ಸೊನ್ನೆ ತುಂಬುವ ಆಯ್ಕೆ ಅದು. ಸಿಸ್ಟಮ್ ಪ್ರತಿಯಲ್ಲಿ ಅದಿಲ್ಲದಿದ್ದರೆ ಅಳಿಸಿದ್ದು ಡಿಸ್ಕ್‌ನಲ್ಲೇ ಉಳಿಯಬಹುದು.

ಫೆಡೋರಾ ಪ್ಯಾಕೇಜರ್: ಫೆಡೋರಾ ಕೂಡ ಒಂದು ಲಿನಕ್ಸ್. ನಮ್ಮಲ್ಲೂ ಮೊದಲು ಬಂಡಲ್ ಮಾಡಲು, ಅಂದರೆ ಹೀಗೆ ಒಳಗೇ ಪ್ರತಿ ಇಟ್ಟುಕೊಳ್ಳಲು, ವಿಶೇಷ ಅನುಮತಿ ಬೇಕಿತ್ತು. 2015ರಲ್ಲಿ ಸಡಿಲಿಸಿದರು. ಈಗ ಪ್ಯಾಕೇಜ್ ಕಟ್ಟುವ ವಿಧಾನ ಬರೆದಿಡುವ ಸ್ಪೆಕ್ ಫೈಲ್‌ನಲ್ಲಿ 'ಪ್ರೊವೈಡ್ಸ್: ಬಂಡಲ್ಡ್' ಅಂತ ಲೈಬ್ರರಿ ಹೆಸರು, ಆವೃತ್ತಿ ಬರೆಯುತ್ತೇವೆ. ದೋಷ ಬಂದ ದಿನ ಒಂದೇ ಕಮಾಂಡ್‌ನಲ್ಲಿ ಪಟ್ಟಿ ಸಿಗುತ್ತದೆ.

ಡೆಬಿಯನ್ ಹಳಬ: ಪಟ್ಟಿ ಸಿಕ್ಕ ಮೇಲೆ? 2023ರ ಸೆಪ್ಟೆಂಬರ್‌ನ ಲಿಬ್‌ವೆಬ್‌ಪಿ ದೋಷ ನೆನಪಿದೆ ಅಲ್ವಾ. ಸಿಸ್ಟಮ್ ಲೈಬ್ರರಿ ಬಳಸುವ ಪ್ಯಾಕೇಜ್‌ಗಳಿಗೆಲ್ಲ ಒಂದೇ ಅಪ್‌ಡೇಟ್ ಸಾಕಾಯಿತು. ಇಡೀ ಬ್ರೌಸರ್ ಎಂಜಿನ್ ಅನ್ನೇ ಒಳಗಿಟ್ಟುಕೊಂಡು ಬರುವ ಎಲೆಕ್ಟ್ರಾನ್ ಆ್ಯಪ್‌ಗಳು ಮಾತ್ರ ಒಂದೊಂದಾಗಿ ಹೊಸ ಬಿಡುಗಡೆ ಮಾಡಬೇಕಾಯಿತು.

ಗೋ ಪ್ರೋಗ್ರಾಮರ್: ಎಲ್ಲಕ್ಕೂ ಇದು ನಡೆಯಲ್ಲ. ಸರ್ವರ್‌ಗಳಲ್ಲಿ ಪ್ರೋಗ್ರಾಮ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ತಗೊಳ್ಳಿ. ಅದು ಬಳಸುವ, ಗೋ ಭಾಷೆಯ ರಾಶಿ ಲೈಬ್ರರಿಗಳನ್ನು ಬಿಡಿಬಿಡಿಯಾಗಿ ಪ್ಯಾಕೇಜ್ ಮಾಡುವುದರಲ್ಲೇ ಆಯುಷ್ಯ ಕಳೆಯುತ್ತದೆ. ಡೆಬಿಯನ್‌ನ ತಾಂತ್ರಿಕ ಸಮಿತಿಯೇ ಅದನ್ನು ಒಪ್ಪಿ, ಒಳಗಿನ ಪ್ರತಿಗಳನ್ನು ಇಟ್ಟುಕೊಳ್ಳಲು ಬಿಟ್ಟಿತು.

ಫಾಂಟ್ ಕೆಲಸದವಳು: ಈ ಆ್ಯಪ್ ಕುಬರ್ನೆಟೀಸ್ ಅಲ್ಲವಲ್ಲ, ಮೂರೇ ಲೈಬ್ರರಿ. ಅದರಲ್ಲಿ ಹಾರ್ಫ್‌ಬಝ್ ನಮಗೆ ತುಂಬಾ ಮುಖ್ಯ. ಕನ್ನಡದ ಒತ್ತಕ್ಷರ ಎಲ್ಲಿ ಕೂರಬೇಕು, ಕೊಂಬು ಎಲ್ಲಿ ಬರಬೇಕು ಅಂತ ಫಾಂಟ್‌ನ ನಿಯಮ ಓದಿ ಜೋಡಿಸುವುದು ಅದೇ. ಆದರೆ ಫೈರ್‌ಫಾಕ್ಸ್ ಒಳಗೆ ಒಂದು ಪ್ರತಿ, ಕ್ರೋಮಿಯಂ ಒಳಗೆ ಒಂದು, ಜಾವಾ 9ರಿಂದ ಅದರೊಳಗೂ ಒಂದು. ಒಂದೇ ಫಾಂಟ್, ಒಂದೇ ಪದ, ಒಂದು ಕಡೆ ಸರಿ, ಇನ್ನೊಂದು ಕಡೆ ಒತ್ತು ಜಾರಿದೆ ಅಂತ ದೂರು ಬಂದರೆ ತಪ್ಪು ಫಾಂಟ್‌ನದ್ದಾ, ಹಳೇ ಪ್ರತಿಯದ್ದಾ ಅಂತ ಮೊದಲು ಹುಡುಕಬೇಕು. ನನ್ನ ಎಷ್ಟೋ ಸಂಜೆಗಳು ಇದಕ್ಕೇ ಹೋಗಿವೆ. ಆ ಪ್ಯಾಚ್ ಏನು ಮಾಡುತ್ತದೆ ನೋಡಿದಿರಾ?

ಹೊಸ ಪ್ಯಾಕೇಜರ್: ಈಗ ನೋಡಿದೆ. ಹನ್ನೆರಡು ಸಾಲು. ಹೊರಗೆ ಕಾಣದ ಒಂದು ಫಂಕ್ಷನ್ ಅನ್ನು ಹೊರಗೆ ತಂದಿದ್ದಾರೆ, ಅಷ್ಟೇ.

ಅಪ್‌ಸ್ಟ್ರೀಮ್ ಡೆವಲಪರ್: ಹಾಗಾದರೆ ಅದನ್ನು ಹಾರ್ಫ್‌ಬಝ್‌ನವರಿಗೇ ಕಳಿಸಬೇಕಿತ್ತು. ಇದರಲ್ಲಿ ನಿಮ್ಮ ಮಾತೇ ಸರಿ.

ಡೆಬಿಯನ್ ಹಳಬ: ಉಳಿದೆರಡಕ್ಕೆ ಟಾರ್‌ಬಾಲ್ (ಅಪ್‌ಸ್ಟ್ರೀಮ್ ಕೊಟ್ಟ ಸೋರ್ಸ್ ಕಟ್ಟು) ಮುಟ್ಟಬೇಕಿಲ್ಲ. ಬಿಲ್ಡ್‌ಗೆ ಮುಂಚೆ ಆ ಫೋಲ್ಡರ್‌ಗಳನ್ನು ಅಳಿಸಿ. ಎಲ್ಲಾದರೂ ಹಳೇ ಪ್ರತಿಗೇ ಕೈ ಹಾಕುತ್ತಿದ್ದರೆ ಬಿಲ್ಡ್ ಅಲ್ಲೇ ನಿಂತು ತೋರಿಸುತ್ತದೆ.

ಹೊಸ ಪ್ಯಾಕೇಜರ್: ಝಡ್‌ಲಿಬ್, ಲಿಬ್‌ವೆಬ್‌ಪಿ ಅಳಿಸಿದೆ, ಬಿಲ್ಡ್ ಆಯಿತು. ಹಾರ್ಫ್‌ಬಝ್ ಪ್ಯಾಚ್ ಇವತ್ತು ರಾತ್ರಿ ಕಳಿಸುತ್ತೇನೆ. ಉತ್ತರ ಬರುವ ತನಕ ಆ ಪ್ರತಿ ಇರಲಿ, ಒಳಪ್ರತಿಗಳ ಪಟ್ಟಿಗೆ ಸೇರಿಸಲು ಭದ್ರತಾ ತಂಡಕ್ಕೆ ತಿಳಿಸುತ್ತೇನೆ.