ಸ್ಲೊವೇನಿಯಾದಾಗ ಬಾಡಿಗಿ ಕಾರ್: ಪರ್ಮಿಟ್, ಕಾರ್ಡ್, ಟೋಲ್, ಘಾಟ್ ಬಗ್ಗೆ ಹೇಳ್ರಿ

ಕೆಎ32_ಪಯಣ (ಕಲಬುರಗಿ):
ನಮಸ್ಕಾರ್ರಿ. ಸೆಪ್ಟೆಂಬರ್‌ದಾಗ ಅಪ್ಪ, ಅವ್ವ, ಮನಿಯವ್ರು, ನಾನು ಸ್ಲೊವೇನಿಯಾಕ್ಕ ಹೋಗಬೇಕಂತ ಮಾಡೀವಿ. ಲ್ಯುಬ್ಲಿಯಾನಾದಾಗ ಕಾರ್ ತಗೊಂಡು ಬ್ಲೆಡ್, ಬೋಹಿನ್, ವರ್ಶಿಚ್ ಘಾಟ್, ಪೊಸ್ತೋಯ್ನಾ ಗವಿ, ಪಿರಾನ್ ನೋಡೋದದ. ಇಂಟರ್‌ನ್ಯಾಷನಲ್ ಪರ್ಮಿಟ್ ಕಲಬುರಗಿ ಆರ್‌ಟಿಒದಾಗೇ ಸಿಗ್ತದೇನ್ರಿ? ಡೆಬಿಟ್ ಕಾರ್ಡ್ ಮ್ಯಾಲ ಗಾಡಿ ಕೊಡ್ತಾರೇನು? ಎಡಗಡೆ ಸ್ಟೇರಿಂಗ್ ನನಗ ರೂಢಿ ಇಲ್ಲ. ಅವ್ವಗ ಮೊಣಕಾಲು ನೋವದ, ಆಕಿಗೆ ಸರಿಹೋಗೋ ಹಂಗ ಹೇಳ್ರಿ.

ಬೀದರ್_ದಾರಿ:
ಪರ್ಮಿಟ್ ಅಲ್ಲೇ ಆಗ್ತದ ಅಣ್ಣಾರ. ಪರಿವಾಹನದ ಸಾರಥಿ ಪೋರ್ಟಲ್‌ದಾಗ ಅರ್ಜಿ ಹಾಕ್ರಿ, ನಮೂನೆ 4ಎ, ಶುಲ್ಕ 1,000 ರೂಪಾಯಿ. ಲೈಸೆನ್ಸ್, ಪಾಸ್‌ಪೋರ್ಟ್ ಪ್ರತಿ ಬೇಕಾಗ್ತಾವ. 2022ರಿಂದ ವೀಸಾ ಬರೋಕಿಂತ ಮೊದಲೂ ಪರ್ಮಿಟ್ಟಿಗೆ ಅರ್ಜಿ ಹಾಕಬಹುದು. ಲೈಸೆನ್ಸಿನಾಗ ಹಳೇ ಊರಿನ ವಿಳಾಸ ಇದ್ರ ಮೊದಲು ಅದನ್ನ ತಿದ್ದಿಸ್ರಿ. ಪರ್ಮಿಟ್ ಒಂದು ವರ್ಷ ನಡೀತದ, ಆದ್ರ ಮೂಲ ಲೈಸೆನ್ಸ್ ಜೊತಿಗಿಲ್ದ ಅದಕ್ಕ ಬೆಲೆ ಇಲ್ಲ. ಎರಡೂ ಒಯ್ಯಬೇಕು.

ವೀಸಾ ಷೆಂಗೆನ್ದು, ಅಂದ್ರ ಯುರೋಪಿನ ಹಲವು ದೇಶಕ್ಕ ಸೇರಿ ಒಂದೇ ವೀಸಾ. ಯಾವ ದೇಶದಾಗ ಹೆಚ್ಚು ರಾತ್ರಿ ಇರ್ತೀರಿ, ಆ ದೇಶಕ್ಕೇ ಅರ್ಜಿ ಹಾಕಬೇಕು. ವೆನಿಸ್ ವಿಮಾನ ಸೋವಿ ಸಿಕ್ಕಿತಂತ ಇಟಲಿಗೆ ಹಾಕಿ, ಹೋಟೆಲ್ ಎಲ್ಲಾ ಸ್ಲೊವೇನಿಯಾದಾಗ ತೋರ್ಸಿದ್ರ ಅರ್ಜಿ ಅಲ್ಲೇ ಕೆಡ್ತದ. ದೊಡ್ಡವರಿಗೆ ಶುಲ್ಕ 90 ಯೂರೋ, ಪ್ರವಾಸ ವಿಮೆ ಕನಿಷ್ಠ 30,000 ಯೂರೋದ್ದು.

ಇನ್ನ ಕಾರ್ಡ್. ಕೌಂಟರ್‌ನಾಗ ಹೆಚ್ಚು ಮಂದಿ ಸಿಕ್ಕಿಬೀಳೋದು ಇಲ್ಲೇ. ಸಾಮಾನ್ಯವಾಗಿ ಗಾಡಿ ಓಡ್ಸೋರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು. ಮನಿಯವ್ರ ಕಾರ್ಡ್ ನಡಿಯಂಗಿಲ್ಲ, ಫಾರೆಕ್ಸ್ ಕಾರ್ಡನ್ನ (ಮೊದಲೇ ವಿದೇಶಿ ರೊಕ್ಕ ತುಂಬ್ಸಿಟ್ಟ ಕಾರ್ಡ್) ಪ್ರೀಪೇಯ್ಡ್ ಅಂತ ಹಿಡೀತಾರ, ಅದೂ ನಡಿಯಂಗಿಲ್ಲ. ಠೇವಣಿ ಅಂತ ನೂರಾರು ಯೂರೋ, ಕೆಲವು ಕಡೆ ಸಾವಿರಕ್ಕಿಂತ ಮ್ಯಾಲ, ಬ್ಲಾಕ್ ಮಾಡ್ತಾರ. ಹೊರಡೋಕಿಂತ ಮೊದಲು ಬ್ಯಾಂಕ್ ಆ್ಯಪ್‌ದಾಗ ವಿದೇಶಿ ವಹಿವಾಟು ಆನ್ ಮಾಡ್ರಿ, ಲಿಮಿಟ್ ನೋಡ್ರಿ. ಬುಕಿಂಗ್‌ದಾಗ ಬರೋ ಮೂಲ ವಿಮೆ ಸಾಮಾನ್ಯವಾಗಿ ಟೈರ್, ಗಾಜು, ಗಾಡಿ ಕೆಳಭಾಗ ಬಿಟ್ಟಿರ್ತದ. ಘಾಟ್ ರಸ್ತಾದಾಗ ಪೆಟ್ಟು ಬೀಳೋದು ಅವಕ್ಕೇ. ಬಾಡಿಗಿ ಸ್ವಲ್ಪ ಹೆಚ್ಚಾದ್ರೂ ಅವನ್ನ ಸೇರಿಸಿದ ವಿಮೆ ತಗೊಳ್ರಿ. ಕೀಲಿ ತಗೊಂಡ ಕೂಡಲೇ ನಾಲ್ಕೂ ರಿಮ್, ಮುಂದಿನ ಗಾಜು, ಬಂಪರ್ ಕೆಳಗ ವಿಡಿಯೊ ಮಾಡಿ, ಇದ್ದ ಗೀರೆಲ್ಲ ಅವರ ಹಾಳೆ ಮ್ಯಾಲ ಬರೆಸ್ರಿ.

ಭೀಮಾತೀರ (ಯಾದಗಿರಿ):
ಸರ್, ಆಟೊಮ್ಯಾಟಿಕ್ ಗಾಡಿಯನ್ನೇ ಬುಕ್ ಮಾಡಿ. ಅಲ್ಲಿ ಮ್ಯಾನುವಲ್ ಸೋವಿ ಸಿಗುತ್ತದೆ, ನಿಜ. ಆದರೆ ಬಲಗೈಯಲ್ಲಿ ಗೇರ್ ಹಾಕುತ್ತಾ ಬಲಬದಿಯಲ್ಲಿ ಓಡಿಸುವುದು ಎರಡೆರಡು ಹೊಸ ಕೆಲಸ. ಒಂದು ಸೂತ್ರ ನೆನಪಿಡಿ: ಇಲ್ಲಿಯೂ ಅಲ್ಲಿಯೂ ಡ್ರೈವರ್ ಕೂರುವುದು ರಸ್ತೆಯ ನಡುಗೆರೆಯ ಕಡೆಗೆ. ಪೆಟ್ರೋಲ್ ಬಂಕಿನಿಂದ, ಪಾರ್ಕಿಂಗಿನಿಂದ ಖಾಲಿ ರಸ್ತೆಗೆ ಇಳಿಯುವಾಗಲೇ ಕೈ ತಪ್ಪು ಬದಿಗೆ ಎಳೆಯುತ್ತದೆ. ಇಲ್ಲಿ ನಾವು ಬಲಕ್ಕೆ ಕೂತು ರೂಢಿಯಾದ್ದರಿಂದ ಗಾಡಿ ಬಲಕ್ಕೆ ಜರುಗಿ, ಬಲಗಡೆಯ ಚಕ್ರ ಫುಟ್‌ಪಾತ್ ಅಂಚಿಗೆ ಉಜ್ಜುತ್ತದೆ. ಸರ್ಕಲ್‌ನಲ್ಲಿ ಒಳಗಿರುವವರಿಗೆ ಮೊದಲು ದಾರಿ.

ವೇಗದ ಮಿತಿ ಊರೊಳಗೆ 50, ಹೊರಗೆ 90, ಹೆದ್ದಾರಿಯಲ್ಲಿ 130. ಊರ ಹೆಸರಿನ ಫಲಕ ಕಂಡಲ್ಲಿಂದಲೇ 50 ಶುರು, ಬೇರೆ ಫಲಕ ಇರುವುದಿಲ್ಲ. ಹೆಡ್‌ಲೈಟ್ ಹಗಲಲ್ಲೂ ಹಾಕಿರಬೇಕು.

ಟೋಲ್ ಗೇಟ್ ಬದಲು ವಿನ್ಯೆಟ್ ಇದೆ, ಅಂದರೆ ನಿಗದಿತ ಅವಧಿಗೆ ಹೆದ್ದಾರಿ ಬಳಸಲು ಮೊದಲೇ ಕೊಳ್ಳುವ ಟೋಲ್ ಪಾಸ್. 2022ರಿಂದ ಅದು ಸ್ಟಿಕರ್ ಅಲ್ಲ, ನಂಬರ್ ಪ್ಲೇಟಿಗೆ ಜೋಡಿಸಿದ ಆನ್‌ಲೈನ್ ದಾಖಲೆ. ಕಾರಿಗೆ ವಾರದ್ದು 2024ರಲ್ಲಿ 16 ಯೂರೋ ಇತ್ತು. ಇಲ್ಲದೆ ಸಿಕ್ಕರೆ ದಂಡ ಕನಿಷ್ಠ 300 ಯೂರೋ. ಲ್ಯುಬ್ಲಿಯಾನಾದಲ್ಲಿ ತೆಗೆದುಕೊಂಡ ಗಾಡಿಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಆದರೂ ಕೌಂಟರ್‌ನಲ್ಲಿ ಕೇಳಿ. ವೆನಿಸ್, ಜಾಗ್ರೆಬ್‌ನಿಂದ ತಂದರೆ ಗಡಿ ದಾಟುವ ಮೊದಲು ನೀವೇ ಕೊಳ್ಳಬೇಕಾಗಬಹುದು.

ವರ್ಶಿಚ್ ಬಿಡಬೇಡಿ ಸರ್. ಎತ್ತರ 1,611 ಮೀಟರ್, ಒಟ್ಟು 50 ತಿರುವು, ಪ್ರತಿ ತಿರುವಿಗೂ ನಂಬರ್ ಇದೆ. ಕ್ರಾನ್ಸ್ಕಾ ಗೋರಾ ಕಡೆಯ 24 ತಿರುವುಗಳಿಗೆ ಕಲ್ಲು ಹಾಸಿದ್ದಾರೆ, ಮಳೆಯಲ್ಲಿ ಜಾರುತ್ತವೆ. ಆದ್ದರಿಂದ ಆ ಕಡೆಯಿಂದ ಹತ್ತಿ, ಡಾಂಬರಿರುವ ತ್ರೆಂತಾ ಕಡೆ ಇಳಿಯಿರಿ. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇದ್ದರೆ ಕಾದು ಹಿಡಿತ ಬಿಡುತ್ತದೆ, ಆಟೊಮ್ಯಾಟಿಕ್‌ನಲ್ಲೂ ಮ್ಯಾನುವಲ್ ಮೋಡಿಗೆ ಹಾಕಿ ಎರಡನೇ ಗೇರಲ್ಲಿ ಇಳಿಸಿ. ಬೆಳಿಗ್ಗೆ ಬೇಗ ಹೊರಡಿ. ಬಿಸಿಲೇರಿದರೆ ಬೈಕು, ಸೈಕಲ್ ದಟ್ಟಣೆ. 8ನೇ ತಿರುವಿನಲ್ಲಿರುವ ಮರದ ರಷ್ಯನ್ ಚರ್ಚಿನ ಬಳಿ ನಿಲ್ಲಿ. ಮೊದಲ ಮಹಾಯುದ್ಧದಲ್ಲಿ ಈ ರಸ್ತೆ ಮಾಡಿದ ರಷ್ಯನ್ ಕೈದಿಗಳಲ್ಲಿ ಅನೇಕರು 1916ರ ಹಿಮಕುಸಿತದಲ್ಲಿ ಸತ್ತರು, ಅವರ ನೆನಪಿಗೆ ಕಟ್ಟಿದ್ದು.

ಕೆಎ32_ಪಯಣ:
ಭಾಳ ಉಪಕಾರ ಆಯ್ತ್ರಿ. ಇಳಿದ ಮ್ಯಾಲ ಬೋಹಿನ್ ಕಡೆ ಬರಾಕ ಮತ್ತ ಅದೇ ಘಾಟ್ ಹತ್ತಬೇಕೇನ್ರಿ?

ಭೀಮಾತೀರ (ಯಾದಗಿರಿ):
ಬೇಕಿಲ್ಲ. ಸೋಚಾ ನದಿಯ ಗುಂಟ ಮೋಸ್ತ್ ನಾ ಸೋಚಿಗೆ ಬನ್ನಿ. ಅಲ್ಲಿಂದ ಕಾರನ್ನೇ ರೈಲಿಗೆ ಏರಿಸಿ, 1906ರಲ್ಲಿ ಶುರುವಾದ 6.3 ಕಿಲೋಮೀಟರ್ ಸುರಂಗ ದಾಟಿ ಬೋಹಿನ್‌ಸ್ಕಾ ಬಿಸ್ತ್ರಿತ್ಸಾದಲ್ಲಿ ಇಳಿಯಬಹುದು. ದಿನಕ್ಕೆ ಕೆಲವೇ ರೈಲು, ಹಳಿ ಕೆಲಸವಿದ್ದಾಗ ನಿಲ್ಲುತ್ತದೆ, ಹಿಂದಿನ ದಿನವೇ ವೇಳಾಪಟ್ಟಿ ನೋಡಿ. ಅದಿಲ್ಲದಿದ್ದರೆ ಸೋಚಾ ದಾರಿಯಲ್ಲೇ ಸಿಗುವ ಬೊವೆಟ್ಸ್ ಊರಿನಿಂದ ಪ್ರೆದೆಲ್ ಘಾಟ್ ಮೇಲೆ ಇಟಲಿಯ ಮೂಲಕ ಕ್ರಾನ್ಸ್ಕಾ ಗೋರಾಕ್ಕೆ ಬನ್ನಿ. ಕರಾರಿನಲ್ಲಿ ಇಟಲಿಗೆ ಅನುಮತಿ ಇದೆಯೇ ಎಂದು ಕೇಳಿಕೊಂಡಿರಿ.

ಶೇಂಗಾ_ಚಟ್ನಿ (ಕಲಬುರಗಿ):
ಅವ್ವಾರ ಮೊಣಕಾಲಿಗೆ ಪೊಸ್ತೋಯ್ನಾನೇ ಸರಿ ಅಣ್ಣಾ. ಗವಿ ಒಳಗ ರೈಲು ಅದ, ನಡಿಯೋದು ಒಂದೂವರೆ ಕಿಲೋಮೀಟರ್ ಅಷ್ಟೇ, ಮೆಟ್ಟಿಲಿಲ್ಲ. ಶ್ಕೋತ್ಸ್ಯಾನ್ ಗವಿಗೆ ಬ್ಯಾಡ, ಅಲ್ಲಿ ಸುಮಾರು 500 ಮೆಟ್ಟಿಲು. ಪೊಸ್ತೋಯ್ನಾದಾಗ ವರ್ಷಪೂರ್ತಿ 10 ಡಿಗ್ರಿ ಆಸುಪಾಸು ಇರ್ತದ, ನಮ್ಮ ಮಂದಿಗೆ ಶಾಲು ಸಾಕಾಗಂಗಿಲ್ಲ, ಸ್ವೆಟರ್ ಬೇಕು.

ಊಟಕ್ಕ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಒಯ್ರಿ. ತುಪ್ಪ, ಪೇಡೆ, ಖೋವಾ ಒಯ್ಯಬ್ಯಾಡ್ರಿ: ಹೊರಗಿನ ದೇಶದ ಹಾಲು-ಮಾಂಸದ ಪದಾರ್ಥ ಯುರೋಪಿಯನ್ ಒಕ್ಕೂಟದೊಳಗ ಬಿಡಂಗಿಲ್ಲ. ಮಾವು, ಹಸಿ ತರಕಾರಿಗೂ ಪ್ರಮಾಣಪತ್ರ ಕೇಳ್ತಾರ. ಪಿರಾನ್ ಹಳೇ ಊರೊಳಗ ಹೊರಗಿನ ಕಾರ್ ಬಿಡಂಗಿಲ್ಲ. ಫೊರ್ನಾಚೆ ಪಾರ್ಕಿಂಗ್‌ದಾಗ ಹಚ್ಚಿ, ಬಸ್ಸಿಗೆ ಒಳಗ ಹೋಗ್ರಿ.