ಕುದುರೆಮುಖದ ಭಗವತಿ ಕ್ಯಾಂಪಿಗೆ ಮಕ್ಕಳ ಜೊತೆ ಹೋದವರು ಯಾರಾದ್ರೂ ಇದ್ದೀರಾ?

ಬದಿಯಡ್ಕದವ:
ಕ್ರಿಸ್ಮಸ್ ರಜೆಯಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಭಗವತಿ ನೇಚರ್ ಕ್ಯಾಂಪಿನಲ್ಲಿ ಎರಡು ರಾತ್ರಿ ಉಳಿಯುವ ಅಂತ. ನಾವಿಬ್ಬರು, ಏಳು ಮತ್ತು ಹತ್ತು ವರ್ಷದ ಮಕ್ಕಳು. ಟೆಂಟ್ ಒಳ್ಳೆಯದಾ, ಕಾಟೇಜಾ? ಕಂಬಳಿ ಕೊಂಡುಹೋಗಬೇಕಾ? (ಭಗವತಿಗೆ ಅಂದದ್ದೇ ತಡ, ಅತ್ತೆ ನಮ್ಮೂರ ಭಗವತಿ ಗುಡಿಯ ತೆಯ್ಯಂ ಉತ್ಸವ ಅಂದುಕೊಂಡು "ಕಳಿಯಾಟ ಯಾವಾಗ?" ಅಂತ ಕೇಳಿದರು.)

ಪೆರ್ಲದ ಅಣ್ಣ:
ಟೆಂಟಿನ ಸುದ್ದಿ ನನ್ನ ಹತ್ರ ಎತ್ತಬೇಡಿ ಮಾರಾಯ್ರೆ. ನಾಲ್ಕು ಜನರ ಟೆಂಟಿಗೆ 6,800, ಎರಡು ಸ್ಲೀಪಿಂಗ್ ಬ್ಯಾಗಿಗೆ 3,400, ತಲೆಗೆ ಕಟ್ಟುವ ಟಾರ್ಚಿಗೆ 450. ಒಟ್ಟು 10,650. 1,894 ಮೀಟರ್ ಎತ್ತರದ ಕುದುರೆಮುಖ ಗುಡ್ಡದ ನೆತ್ತಿಯಲ್ಲಿ ಮಲಗಿ ನಕ್ಷತ್ರ ನೋಡುವ ಆಸೆ. ಬಾಳೆಗಲ್ಲಿನಿಂದ ಜೀಪಿನಲ್ಲಿ ಸೊಂಟ ಮುರಿಸಿಕೊಂಡು, ಗುಡ್ಡ ಹತ್ತಲು ಶುರುಮಾಡುವ ಮುಳ್ಳೋಡಿ ಮುಟ್ಟಿದರೆ ಗೈಡ್ ಹುಡುಗ ಚೀಲ ನೋಡಿಯೇ ನಕ್ಕ. ಗುಡ್ಡದಲ್ಲಿ ರಾತ್ರಿ ಉಳಿಯುವ ಹಾಗೇ ಇಲ್ಲವಂತೆ, ಹತ್ತಿ ಸಂಜೆಯೊಳಗೆ ಇಳಿಯಬೇಕು. ಹೋಗಿ ಬರಲು ಸುಮಾರು 20 ಕಿ.ಮೀ. ಟೆಂಟ್ ಹೋಂಸ್ಟೇ ಜಗಲಿಯಲ್ಲಿ ಬಿತ್ತು. ಈಗ ಮೋಡ ಕಂಡರೆ ಅಂಗಳದ ಅಡಿಕೆಗೆ ಹೊದೆಸ್ತೇನೆ. ಇಷ್ಟು ದುಬಾರಿ ಟರ್ಪಾಲು ಪೆರ್ಲದಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲ.

ನೀರ್ಚಾಲು ಅಕ್ಕ:
ನಮ್ಮ ಭಾವ ಕುದುರೆಮುಖ ಟೌನ್‌ಶಿಪ್ಪಿನಲ್ಲಿ ಇದ್ದಾಗ ಕ್ವಾರ್ಟರ್ಸಿನಲ್ಲಿ ಪುಕ್ಕಟೆ ಉಳಿಯುತ್ತಿದ್ದೆವು. 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತಿತು, ಭಾವ ಊರಿಗೆ ಬಂದರು. ಈಗ ಅದೇ ಕಾಡಿಗೆ ದುಡ್ಡು ಕೊಟ್ಟು ಹೋಗಬೇಕು! ಕ್ಯಾಂಪಿನಲ್ಲಿ ಟೆಂಟ್ ಅವರದ್ದೇ ಉಂಟು, ಹೊತ್ತುಕೊಂಡು ಹೋಗುವುದು ಬೇಡ. ಅಕ್ಟೋಬರದಲ್ಲಿ ಹೋದದ್ದು ಮಾತ್ರ ನಮ್ಮದೇ ತಪ್ಪು. ಉಂಬಳ (ಜಿಗಣೆ)! ಮಗಳ ಕಾಲುಚೀಲ ಬಿಚ್ಚಿದರೆ ಬೆರಳ ಸಂದಿಯಲ್ಲಿ ನಾಲ್ಕು, ದ್ರಾಕ್ಷಿಯ ಹಾಗೆ ಉಬ್ಬಿಕೊಂಡು. ಇವರು ಗಾಬರಿಯಲ್ಲಿ ಒಂದನ್ನು ಎಳೆದು ಕಿತ್ತರು, ಒಂದು ಗಂಟೆಯಾದರೂ ರಕ್ತ ನಿಲ್ಲಲಿಲ್ಲ. ಉಳಿದ ಮೂರಕ್ಕೆ ನಾನು ಎಲೆಸಂಚಿಯ ಸುಣ್ಣ ಮುಟ್ಟಿಸಿದೆ, ಪಟಪಟ ಉದುರಿದವು.

ಉಪ್ಪಳ ಬುಲೆಟ್:
ಅಕ್ಕ, ಮಕ್ಕಳ ಕಾಲಿಗೆ ಸುಣ್ಣವಾ! ಚರ್ಮ ಸುಡ್ತದೆ. ಕಚ್ಚಿದ ಬಾಯಿಯ ಬುಡಕ್ಕೆ ಉಗುರು ಕೊಟ್ಟು ಮೆಲ್ಲ ಸರಿಸಿದರೆ ಸಾಕು, ಆಮೇಲೆ ಸೋಪು ಹಾಕಿ ತೊಳೆಯಿರಿ.

ನನ್ನ ಕಥೆ ಬೇರೆ. ಬಜಗೋಳಿ ಕಳೆದು ಮಾಳದ ಅರಣ್ಯ ಗೇಟಿನಲ್ಲಿ ಒಳಗೆ ಬಂದ ಸಮಯ ಬರೆದ ಚೀಟಿ ಕೊಡ್ತಾರಲ್ಲ, ಅದನ್ನು ಜೇಬಿಗೆ ತುರುಕಿ ಮರೆತೆ. ರಸ್ತೆ ಬದಿ ನೀರು ಬೀಳುವುದು ಕಂಡು ಫೋಟೋಕ್ಕೆ ನಿಂತೆ, ಮುಂದೆ ಹಿಂದಿನ ಚಕ್ರ ಪಂಚರ್. ಆಚೆ ಗೇಟಿಗೆ ಮುಟ್ಟುವಾಗ ಹೊತ್ತು ಮೀರಿತ್ತು, ದಂಡ ಕಟ್ಟಿದೆ. ಪಂಚರ್ ನಿಜ, ಆದರೆ ಫೋನಿನಲ್ಲಿ 63 ಫೋಟೋ ಇದ್ದವಲ್ಲ, ಬಾಯಿ ಬಿಡುವುದು ಹೇಗೆ?

ನೀರ್ಚಾಲು ಅಕ್ಕ:
ನನ್ನಜ್ಜಿ ತೊಂಬತ್ತು ವರ್ಷ ತೋಟದಲ್ಲಿ ಸುಣ್ಣವನ್ನೇ ಮುಟ್ಟಿಸಿದ್ದು ತಮ್ಮಾ. ಯಾರ ಕಾಲೂ ಸುಟ್ಟು ಹೋಗಲಿಲ್ಲ.

ಮುಳ್ಳೇರಿಯ ಮಾಷ್ಟ್ರು:
ತಲಪಾಡಿ ದಾಟಿ, ಕಾರ್ಕಳ ಸುತ್ತಿ ಅಷ್ಟು ದೂರ ಯಾಕೆ? ನಮ್ಮದೇ ಕಾಸರಗೋಡು ಜಿಲ್ಲೆಯಲ್ಲಿ ರಾಣಿಪುರಂ ಗುಡ್ಡ ಉಂಟಲ್ಲ? ಕಾಞಂಗಾಡಿನಿಂದ ಪಾಣತ್ತೂರು ರಸ್ತೆ ಹಿಡಿದರಾಯಿತು. ಮೂರು ಸಲ ಹೋಗಿದ್ದೇನೆ.

ಉಪ್ಪಳ ಬುಲೆಟ್:
ಮೂರರಲ್ಲಿ ಎಷ್ಟು ಸಲ ಮೇಲೆ ಹತ್ತಿದಿರಿ ಅದೂ ಹೇಳಿ ಮಾಷ್ಟ್ರೇ. ನಾನು ಹೋದ ದಿನ ಆನೆ ಬಂತೆಂದು ದಾರಿಯೇ ಬಂದ್.

ಮುಳ್ಳೇರಿಯ ಮಾಷ್ಟ್ರು:
ಒಂದು ಸಲ. ಆದರೆ ಕೆಳಗೆ ಚಹಾ ಚೆನ್ನಾಗಿತ್ತು.

ಪೆರ್ಲದ ಅಣ್ಣ:
ಕನ್ನಡ ಮಾಷ್ಟ್ರಾಗಿ "ಕಾಞಂಗಾಡು" ಅಂತೀರಲ್ಲ, ಅದೇ ಊರಿನ ಕನ್ನಡ ಹೆಸರು ಹೊಸದುರ್ಗ ಅನ್ನಲು ನಾಲಿಗೆ ತಿರುಗುವುದಿಲ್ಲವಾ? ರಾಣಿಪುರಂ ಕೂಡ ಹಳೇ ಹೆಸರಲ್ಲ. ಮಾಡತ್ತುಮಲ ಅಂತ ಇತ್ತು.

ಮುಳ್ಳೇರಿಯ ಮಾಷ್ಟ್ರು:
ಮಾಡತ್ತುಮಲ ಯಾವ ಸೀಮೆಯ ಕನ್ನಡ? ಮತ್ತೆ ನಾನು ಗಣಿತದ ಮಾಷ್ಟ್ರು. ನಿಮ್ಮ 10,650ರಲ್ಲಿ ಜೀಪಿನ ಬಾಡಿಗೆ ಸೇರಿಲ್ಲ, ಗೈಡಿನದ್ದೂ ಸೇರಿಲ್ಲ, ಅದನ್ನು ಮೊದಲು ಕೂಡಿಸಿ.

ಬದಿಯಡ್ಕದವ:
ಕಂಬಳಿ ವಿಷಯ ಯಾರೂ ಹೇಳಲಿಲ್ಲ...

ನೀರ್ಚಾಲು ಅಕ್ಕ:
ಕ್ಯಾಂಪ್ ಹೊಳೆ ಬದಿ, ಬೆಳಗ್ಗೆ ಮಂಜು ಬೀಳ್ತದೆ. ಮಕ್ಕಳಿಗೆ ಉಣ್ಣೆ ಟೊಪ್ಪಿ, ಹೊದೆಯಲು ನಿಮ್ಮದೇ ಒಂದೊಂದು ಇರಲಿ. ಸುಣ್ಣದ ಡಬ್ಬಿಯೂ.

ಉಪ್ಪಳ ಬುಲೆಟ್:
ಸುಣ್ಣ ಬೇಡ!!

ಪೆರ್ಲದ ಅಣ್ಣ:
ಬದಿಯಡ್ಕದವರೇ, ಟೆಂಟ್ ಬೇಕಿದ್ದರೆ 4,000ಕ್ಕೆ ಕೊಡ್ತೇನೆ. ಸ್ವಲ್ಪ ಅಡಿಕೆ ವಾಸನೆ ಉಂಟು, ಅಷ್ಟೆ.